ಗುಡಿಸಬೇಡಿ, ಉಗ್ರಾಣಿ ಬರಲಿ

ದಕ್ಷಿಣ ಕನ್ನಡದ ಹಳ್ಳಿಮನೆಗಳಲ್ಲಿ ಗಾಳಿಮಳೆ ನಿಂತ ಮೇಲೆ ಕೇಳಿಸುವ ಮೊದಲ ಸದ್ದು ಹಿಡಿಸೂಡಿಯದು. ಮಾಡಿನ ಅರ್ಧ ಹಂಚು ಅಂಗಳದಲ್ಲಿ, ಅಡಿಕೆ ಮರ ಹಟ್ಟಿಯ ಮೇಲೆ, ಕರೆಂಟು ಎಲ್ಲಿಯೋ. ಆದರೂ ಮನೆಯ ಹಿರಿಯ ಹೆಂಗಸು ಸೀರೆ ಎತ್ತಿ ಕಟ್ಟಿ ಗುಡಿಸಲು ಶುರು ಮಾಡಿರುತ್ತಾರೆ. ಯಾರಾದರೂ ಬಂದರೆ ಎಂತ ತಿಳಿದುಕೊಳ್ಳುತ್ತಾರೋ ಎಂಬ ಚಿಂತೆ. ಬರುವವರು ಮನೆಗೆ ಮಾಡೇ ಇಲ್ಲದ್ದನ್ನು ಬಿಟ್ಟು ಅಂಗಳದ ಕಸ ನೋಡುತ್ತಾರೆಯೇ ಎಂದು ಕೇಳುವ ಧೈರ್ಯ ಮನೆಯ ಗಂಡಸರಲ್ಲಿ ಯಾರಿಗೂ ಇಲ್ಲ.

ಪರಿಹಾರ ಕೊಡುವ ಸರಕಾರಕ್ಕೆ ಮಾತ್ರ ಆ ಕಸವೇ ಬೇಕು. ಗ್ರಾಮ ಆಡಳಿತಾಧಿಕಾರಿ ಬಂದು ನೋಡುವಾಗ, ಅವರಿಗಿಂತ ಮುಂಚೆ ಅವರ ಸಹಾಯಕರಾದ ಉಗ್ರಾಣಿ ಬಂದು ನೋಡುವಾಗ, ಒಡೆದ ಹಂಚು ಒಡೆದಲ್ಲೇ ಇರಬೇಕು, ಮುರಿದ ಪಕ್ಕಾಸು ನೇತಾಡುತ್ತಲೇ ಇರಬೇಕು. ಸಗಣಿ ಸಾರಿಸಿದ ಅಂಗಳದಲ್ಲಿ ನಿಂತು "ಇಲ್ಲೆಲ್ಲ ಬಿದ್ದಿತ್ತು" ಎಂದರೆ ಮಹಜರಿನಲ್ಲಿ ಬರೆಯಲು ಏನಿದೆ? ನಮ್ಮ ದೊಡ್ಡತ್ತೆಯ ಮನೆಯಲ್ಲಿ ಹೀಗೇ ಆಯಿತು. ಉಗ್ರಾಣಿ ಬರುವ ಹೊತ್ತಿಗೆ ಅಂಗಳ ಮದುವೆ ಮನೆಯ ಹಾಗೆ ಲಕಲಕ. ಅವರು ಸುತ್ತ ಕಣ್ಣಾಡಿಸಿ, "ಅಮ್ಮ, ಗಾಳಿ ಬಂದದ್ದು ನಿಮ್ಮಲ್ಲಿಗೇ ಅಲ್ವಾ?" ಎಂದು ಕೇಳಿದರಂತೆ. ಗುಂಡಿಗೆ ಎಸೆದಿದ್ದ ಚೂರುಗಳನ್ನು ಅತ್ತೆ ಬುಟ್ಟಿಯಲ್ಲಿ ತುಂಬಿಸಿ ತಂದು, ತೆಂಗಿನಕಾಯಿ ಲೆಕ್ಕ ಒಪ್ಪಿಸುವ ಗಾಂಭೀರ್ಯದಲ್ಲಿ ಒಂದೊಂದನ್ನೇ ತೋರಿಸಬೇಕಾಯಿತು.

ಹಿಡಿಸೂಡಿಗಿಂತ ಮೊದಲು ಮೊಬೈಲ್ ಕೈಗೆತ್ತಿಕೊಂಡರೆ ಇಷ್ಟೆಲ್ಲ ಬೇಕಿಲ್ಲ. ಆದರೆ ನಮ್ಮವರು ತೆಗೆಯುವುದು ಎಂಥ ಫೋಟೋ? ಬಿದ್ದ ಮರದ ಮುಂದೆ ಮನೆಮಂದಿ ಸಾಲಾಗಿ ನಿಂತು, ಮಕ್ಕಳನ್ನು ಕಾಂಡದ ಮೇಲೆ ಕೂರಿಸಿದ್ದು. ಕುಟುಂಬದ ವಾಟ್ಸಾಪ್ ಗುಂಪಿಗೆ ಅದು ಚೆಂದ. ಕಡತಕ್ಕೆ ಬೇಕಾದದ್ದು ದೂರದಿಂದ ಇಡೀ ಮನೆ, ಇಂಥವರದೇ ಎಂದು ಗುರುತು ಸಿಗುವಂತೆ. ಆಮೇಲೆ ಹತ್ತಿರದಿಂದ ಮಾಡಿನ ತೂತು, ಗೋಡೆಯ ಬಿರುಕು, ನೆನೆದ ಅಕ್ಕಿಗೋಣಿ, ನೀರು ಹೊಕ್ಕ ಟಿ.ವಿ. ಯಾರೂ ನಗುತ್ತಿರಬಾರದು.

ಫೋಟೋಕ್ಕೂ ಮೊದಲು ಮೈನ್ ಸ್ವಿಚ್ ತೆಗೆಯಬೇಕು. ಹೇಗೂ ಕರೆಂಟಿಲ್ಲವಲ್ಲ ಎಂಬ ವಾದ ಪ್ರತಿ ಮನೆಯಲ್ಲೂ ಬರುತ್ತದೆ. ಹೋಗುವಾಗ ಅದು ಹೇಳಿ ಹೋಗಲಿಲ್ಲ. ಬರುವಾಗಲೂ ಹೇಳಿ ಬರುವುದಿಲ್ಲ. ಇನ್ವರ್ಟರ್ ಇರುವ ಮನೆಯಲ್ಲಂತೂ ಕಂಬದಲ್ಲಿ ಇಲ್ಲದ ಕರೆಂಟು ನೆನೆದ ಗೋಡೆಯೊಳಗೆ ಇದ್ದೇ ಇರುತ್ತದೆ; ಇನ್ವರ್ಟರನ್ನೂ ಆರಿಸಬೇಕು. ತೋಟದಲ್ಲಿ ತಂತಿ ಬಿದ್ದಿದ್ದರೆ ಅತ್ತ ಕಾಲಿಡದೆ, ದನಗಳನ್ನೂ ಬಿಡದೆ, 1912ಕ್ಕೆ ಫೋನು ಮಾಡಬೇಕು. ಆ ಹೊತ್ತಿನಲ್ಲಿ ಇಡೀ ತಾಲೂಕು ಅದೇ ನಂಬರು ಒತ್ತುತ್ತಿರುತ್ತದೆ ಎಂಬುದನ್ನು ತಿಳಿದೇ ಮಾಡಬೇಕು.

ಮಣ್ಣಿನ ಗೋಡೆಯದು ಮಹಾ ಮೋಸ. ಮಳೆ ಹೊಡೆಯುವಾಗ ಗಟ್ಟಿಯಾಗಿ ನಿಂತಿರುತ್ತದೆ. ಎಲ್ಲ ಮುಗಿದು, ಬಿಸಿಲು ಬಂದು, ಮನೆಯವರು ಸಮಾಧಾನದಲ್ಲಿ ಚಾ ಕುಡಿಯುವಾಗ ಕುಸಿಯುತ್ತದೆ. ಬುಡದಿಂದ ನೀರು ಹೀರಿ ಒಳಗೊಳಗೇ ಮೆತ್ತಗಾಗಿರುತ್ತದೆ. ಹೊಸ ಬಿರುಕೋ, ಹೊರಕ್ಕೆ ಉಬ್ಬಿದ್ದೋ ಕಂಡರೆ ಆ ಬದಿಯಲ್ಲಿ ಚಾಪೆ ಹಾಸಬಾರದು. "ಅಜ್ಜನ ಕಾಲದ ಗೋಡೆ, ಅದಕ್ಕೆಂತ ಆಗುತ್ತದೆ?" ಎನ್ನುತ್ತಾರೆ ಹಳಬರು. ಅಜ್ಜನ ಕಾಲದ್ದು ಎಂಬುದೇ ನಮ್ಮ ಹೆದರಿಕೆ.

ಇನ್ನು ಮಾಡಿಗೆ ಏರುವ ವಿಚಾರ. ಮೇಜಿನ ಮೇಲಿನ ಕನ್ನಡಕಕ್ಕೂ ಹೆಂಡತಿಯನ್ನು ಕರೆಯುವ ಭಾವ, ಗಾಳಿ ನಿಂತದ್ದೇ ಏಣಿ ಎಲ್ಲಿ ಎಂದು ಕೇಳುತ್ತಾರೆ. ಒದ್ದೆ ಹಂಚಿನ ಮೇಲೆ ಪಾಚಿ, ಅದರ ಅಡಿಯ ರೀಪಿನಲ್ಲಿ ಗೆದ್ದಲು. ಹಂಚು ಹೊದೆಸುವವರು ಪಕ್ಕಾಸಿನ ಗೆರೆ ನೋಡಿ ಕಾಲಿಡುತ್ತಾರೆ. ಭಾವ ಕಾಲಿಡುವುದು ಹಂಚಿನ ನಟ್ಟನಡುವೆ. ಗಾಳಿಗಿಂತ ಹೆಚ್ಚು ಹಂಚನ್ನು ಭಾವಂದಿರೇ ಒಡೆದ ಮನೆಗಳು ನಮ್ಮ ಊರಲ್ಲಿವೆ. ಆ ರಾತ್ರಿಗೆ ಬೇಕಾದದ್ದು ರಿಪೇರಿಯಲ್ಲ, ಟರ್ಪಾಲು. ಅಡಿಕೆ ಬೆಳೆಯುವವರ ಮನೆಯಲ್ಲಿ ಒಂದಾದರೂ ಇರುತ್ತದೆ. ಏರಿ ಅಭ್ಯಾಸವಿದ್ದವರನ್ನು ಕರೆಸಿ, ಮಾಡಿನ ಕೋಡು ದಾಟಿಸಿ ಆಚೆ ಬದಿಗೂ ಇಳಿಬಿಟ್ಟು ಕಟ್ಟಿಸಬೇಕು. ತೂತಿನ ಮೇಲಷ್ಟೇ ಹಾಸಿದರೆ ಮೇಲಿನಿಂದ ಇಳಿದ ನೀರು ಟರ್ಪಾಲಿನ ಅಡಿಗೇ ನುಗ್ಗುತ್ತದೆ.

ಹಂಚು ತರುವುದು ಸುಲಭವೆಂದು ಪೇಟೆಯವರು ತಿಳಿದಿದ್ದಾರೆ. ಬಾಸೆಲ್ ಮಿಶನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. ಹಳೇ ಹಂಚನ್ನು ಮಗುಚಿ ನೋಡಿದರೆ ಕಾರ್ಖಾನೆಯ ಹೆಸರಿರುತ್ತದೆ, ಕೆಲವದರಲ್ಲಿ ಆ ಇಸವಿಯೂ. ಅದು ಕಾರ್ಖಾನೆ ಹುಟ್ಟಿದ ವರ್ಷ. ನಮ್ಮವರು ಹಂಚು ಹುಟ್ಟಿದ ವರ್ಷವೆಂದೇ ನಂಬಿ ನೆಂಟರಿಗೆ ತೋರಿಸುತ್ತಾರೆ. ಆಮೇಲೆ ಹುಟ್ಟಿಕೊಂಡ ಕಾರ್ಖಾನೆಗಳು ಎಷ್ಟೋ, ಅಚ್ಚುಗಳೂ ಅಷ್ಟೇ. ಒಬ್ಬರ ಹಂಚು ಇನ್ನೊಬ್ಬರದಕ್ಕೆ ಸರಿಯಾಗಿ ಕಚ್ಚಿ ಕೂರುವುದಿಲ್ಲ. ಬೆರಳು ತೂರುವಷ್ಟು ಸಂದು ಉಳಿದರೆ ಆಷಾಢದ ಮಳೆಗೆ ಧಾರಾಳ. ಹೆಸರಿರುವ ಚೂರೊಂದನ್ನು ಚೀಲಕ್ಕೆ ಹಾಕಿಕೊಂಡು ಅಂಗಡಿಗೆ ಹೋಗುವುದೇ ಕ್ರಮ. ಆ ಕಾರ್ಖಾನೆ ಮುಚ್ಚಿಹೋಗಿದ್ದರೆ, ಮಂಗಳೂರಿನಲ್ಲಿ ಬಹಳಷ್ಟು ಮುಚ್ಚಿವೆ, ಹಟ್ಟಿಯ ಹಿಂದೆ ಅಪ್ಪ ಜೋಡಿಸಿಟ್ಟ ಹಳೇ ಹಂಚಿನ ರಾಶಿಯೇ ಗತಿ. "ಅದನ್ನೊಮ್ಮೆ ಅಲ್ಲಿಂದ ತೆಗೆಸಿ" ಎಂದು ಅಪ್ಪ ವರ್ಷಗಟ್ಟಲೆ ಬೈಸಿಕೊಂಡ ರಾಶಿ. ಕೈ ಹಾಕುವ ಮುಂಚೆ ಕೋಲಿನಿಂದ ಬಡಿಯಿರಿ. ಚೇಳುಗಳು ಅಲ್ಲಿ ಮೂರು ತಲೆಮಾರಿನಿಂದ ಸಂಸಾರ ಹೂಡಿವೆ.

ಪರಿಹಾರದ ಹಣ ಎಷ್ಟು? ವಿಪತ್ತು ಪರಿಹಾರ ನಿಧಿಗೆ 2022ರಿಂದ 2026ರ ಅವಧಿಗೆ ಗೊತ್ತುಮಾಡಿದ ದರದಂತೆ, ಭಾಗಶಃ ಹಾನಿಯಾದ ಪಕ್ಕಾ ಮನೆಗೆ 6,500 ರೂಪಾಯಿ, ಕಚ್ಚಾ ಮನೆಗೆ 4,000. ಅದೂ ಹಾನಿ ಕನಿಷ್ಠ ಶೇಕಡಾ 15 ಆಗಿದ್ದರೆ. ಶೇಕಡಾ 15 ಎಂದರೆ ಎಷ್ಟು ಹಂಚು ಎಂಬ ಪ್ರಶ್ನೆ ಎದ್ದಾಗ, ಗಣಿತದಲ್ಲಿ ನಪಾಸಾದವರೂ ಜಗಲಿಯಲ್ಲಿ ಕೂತು ಲೆಕ್ಕ ಹಾಕತೊಡಗುತ್ತಾರೆ. ಹದಿನಾಲ್ಕೂವರೆ ಬಂದರೆ ಬಚ್ಚಲು ಮನೆಯನ್ನೂ ಸೇರಿಸುತ್ತಾರೆ. ಅರ್ಜಿಯ ಜೊತೆಗೆ ಆಧಾರ್, ಪಾಸ್‌ಬುಕ್, ಮನೆ ತೆರಿಗೆಯ ರಶೀದಿ ಬೇಕು. ಅವೆಲ್ಲ ಇರುವುದು ಮಾಡು ಹಾರಿದ ಕೋಣೆಯ ಕಪಾಟಿನಲ್ಲಿ. ಒದ್ದೆ ಕಾಗದವನ್ನು ಬಿಸಿಲಿಗೆ ಹಿಡಿಯದೆ, ನೆರಳಲ್ಲಿ ಬಿಡಿಬಿಡಿಯಾಗಿ ಹರಡಿ ಒಣಗಿಸಿದರೆ ಓದುವ ಹಾಗೆ ಉಳಿಯುತ್ತದೆ.

ವಿಮೆ ಮಾಡಿಸಿದವರು ನಮ್ಮಲ್ಲಿ ಅಪರೂಪ. ಕಾರಿಗೆ ಇದೆ, ಮನೆಗಿಲ್ಲ. 2021ರ ಏಪ್ರಿಲ್‌ನಿಂದ ಬಂದಿರುವ ಭಾರತ್ ಗೃಹ ರಕ್ಷಾ ಪಾಲಿಸಿಯಲ್ಲಿ ಬಿರುಗಾಳಿ, ನೆರೆ, ಮರ ಬಿದ್ದದ್ದು ಎಲ್ಲವೂ ಸೇರಿವೆ. ಇದ್ದವರು ಕಂಪನಿಗೆ ತಕ್ಷಣ ತಿಳಿಸಿ, ಸರ್ವೇಯರ್ ನೋಡುವವರೆಗೆ ದೊಡ್ಡ ರಿಪೇರಿಗೆ ಕೈ ಹಾಕದಿದ್ದರೆ ಒಳ್ಳೆಯದು. ಟರ್ಪಾಲು ಹೊದೆಸಬಹುದು, ಹೊದೆಸಲೇಬೇಕು. ಅದರ ಬಿಲ್ಲು ಜೋಪಾನ.

ಕೊನೆಗೆ ಉಳಿಯುವುದು ಮರ. ಸ್ವಂತದ್ದಾದರೆ ಮರ ಕೊಯ್ಯುವ ಮೆಷಿನಿನವರಿಗೆ ಕಾಯುವುದಷ್ಟೇ ಕೆಲಸ. ಒತ್ತಿ ಬಾಗಿದ ಕೊಂಬೆಗೆ ನಾವೇ ಕತ್ತಿ ಹಾಕಿದರೆ ಅದು ಚಿಮ್ಮಿ ಮುಖಕ್ಕೇ ಬಡಿಯುತ್ತದೆ. ಬದಿಯ ಮನೆಯವರದಾದರೆ ಪಂಚಾತಿಕೆ ಶುರು. ಕಾಯಿ ಬಿಡುವಾಗ ಅವರ ಮರ, ಮಾಡಿನ ಮೇಲೆ ಬಿದ್ದಾಗ ದೇವರ ಮರ. "ಗಾಳಿಗೆ ಬಿದ್ದದ್ದು ಮಾರಾಯ್ರೆ, ನಾವೆಂತ ಮಾಡುವುದು?" ವಾಲಿದ ಮರದ ಬಗ್ಗೆ ಮುಂಚೆಯೇ ಬರೆದು ಕೊಟ್ಟಿದ್ದವರಿಗೆ ಮಾತ್ರ ಇದಕ್ಕೆ ಉತ್ತರ ಕೊಡಲು ಬಾಯಿ ಇರುತ್ತದೆ. ಚಿಕ್ಕಮ್ಮನ ಮನೆಯ ಮೇಲೆ ಬಿದ್ದದ್ದು ಬದಿಯವರ ಹಲಸು. ಹಲಗೆ ಯಾರಿಗೆ, ಕೊಯ್ದ ಕೂಲಿ ಯಾರು ಕೊಡುವುದು ಎಂಬುದು ಇನ್ನೂ ಬಗೆಹರಿದಿಲ್ಲ. ಕಾಯಿಗಳನ್ನು ಮಾತ್ರ ಎರಡೂ ಮನೆಯ ಹೆಂಗಸರು ಅಂದೇ ಪಾಲು ಮಾಡಿಕೊಂಡು, ಬಿಸಿಲು ಕಂಡದ್ದೇ ಒಟ್ಟಿಗೆ ಕೂತು ಹಪ್ಪಳ ಒತ್ತಿದರು. ಒಣಗಿಸಲು ಬೇಕೆಂದು ಚಿಕ್ಕಮ್ಮ ಮಾಡಿನ ಮೇಲಿನ ಟರ್ಪಾಲು ಬಿಚ್ಚಿಸಿದ್ದಾರೆ.