ಮಾವನವರೂ ಡಿಜಿಟಲ್ ರೇಡಿಯೋವೂ

ನೂತನವಾದುದೆಲ್ಲವನ್ನೂ ಲೋಕವು ಆರತಿಯೆತ್ತಿ ಬರಮಾಡಿಕೊಳ್ಳುವುದೆಂದು ನಂಬಿರುವ ವಿಜ್ಞಾನಿಗಳು ನಮ್ಮ ಸೋದರಮಾವನವರನ್ನು ಒಮ್ಮೆ ಕಾಣುವುದೊಳ್ಳೆಯದು. ವರ್ಷಕ್ಕೆ 15 ರೂಪಾಯಿ ತೆತ್ತು ಅಂಚೆ ಕಚೇರಿಯಲ್ಲಿ ರೇಡಿಯೋ ಲೈಸೆನ್ಸು ಮಾಡಿಸಬೇಕಾಗಿದ್ದ ಕಾಲದಿಂದಲೂ ಅವರ ನಡುಮನೆಯ ಗೂಡಿನಲ್ಲಿ ವಿರಾಜಿಸುತ್ತಿರುವ ಟ್ರಾನ್ಸಿಸ್ಟರು, ತಲೆಯ ಮೇಲೊಂದು ಪೆಟ್ಟು ಬೀಳದ ಹೊರತು ಬಾಯಿ ಬಿಡದು. ಬಿಟ್ಟರೂ ಮೊದಲು ಗೊರಗೊರನೆ ತನ್ನ ಅಸಮಾಧಾನವನ್ನು ಪ್ರಕಟಿಸಿ, ಅನಂತರವೇ ಪ್ರದೇಶ ಸಮಾಚಾರಕ್ಕೆ ತೊಡಗುವುದು.

ಈ ಗೊರಗೊರವನ್ನು ನಿವಾರಿಸಲೆಂದು ಆಕಾಶವಾಣಿಯು 2009ರಲ್ಲಿ ದೆಹಲಿಯ ಖಾಂಪುರದಿಂದ ಡಿಆರ್‌ಎಂ ಎಂಬ ಡಿಜಿಟಲ್ ಪದ್ಧತಿಯ ಪ್ರಸಾರಕ್ಕೆ ಉಪಕ್ರಮಿಸಿ, ಕ್ರಮೇಣ ಬೆಂಗಳೂರಿನ 612 ಕಿಲೋಹರ್ಟ್ಸ್ ಕೇಂದ್ರವೂ ಸೇರಿದಂತೆ ಮೂವತ್ತಕ್ಕೂ ಮಿಕ್ಕ ಪ್ರೇಷಕಗಳನ್ನು ಆ ವಿದ್ಯೆಗೆ ಸನ್ನದ್ಧಗೊಳಿಸಿತು. ನಿರ್ಮಲ ಧ್ವನಿ, ಒಂದೇ ತರಂಗದಲ್ಲಿ ಒಂದಕ್ಕಿಂತ ಹೆಚ್ಚು ಕಾರ್ಯಕ್ರಮ, ಪ್ರೇಷಕಕ್ಕೆ ವಿದ್ಯುತ್ತಿನ ಉಳಿತಾಯ, ಹೀಗೆ ಸಕಲ ಸದ್ಗುಣಗಳೂ ಇದ್ದುವು; ಇಲ್ಲದಿದ್ದುದು ಕೇಳುವ ಪೆಟ್ಟಿಗೆಯೊಂದೇ. ಕೊಳ್ಳುವವರಿಲ್ಲವೆಂದು ಅಂಗಡಿಯವನು ತರಿಸನು, ಅಂಗಡಿಯಲ್ಲಿಲ್ಲವೆಂದು ಜನ ಕೊಳ್ಳರು. ಹುಚ್ಚು ಬಿಡದ ಹೊರತು ಮದುವೆಯಾಗದು, ಮದುವೆಯಾಗದ ಹೊರತು ಹುಚ್ಚು ಬಿಡದು. ಲಕ್ಷಾಂತರ ಹೊಸ ಕಾರುಗಳಲ್ಲೇನೋ ಅದು ಅಡಕವಾಗಿಯೇ ಬರುತ್ತಿದೆ. ಆದರೆ ತನ್ನ ಕಾರಿನಲ್ಲಿ ಅಂಥದೊಂದು ಇರುವುದೇ ತಿಳಿಯದೆ ಮೊಬೈಲಿನ ಹಾಡು ಕೇಳುತ್ತ ಸಾಗುವ ಮಾಲೀಕನನ್ನು ಗ್ರಾಹಕನೆನ್ನಬೇಕೋ ಗುಪ್ತದಾನ ಪಡೆದವನೆನ್ನಬೇಕೋ ನಾನರಿಯೆ.

ಮಾವನ ಮಗನು ಎಲ್ಲಿಂದಲೋ ಅಂಥ ಡಿಜಿಟಲ್ ಪೆಟ್ಟಿಗೆಯೊಂದನ್ನು ಸಂಪಾದಿಸಿ ತಂದು, ಹಳೆಯದರ ಪಕ್ಕದಲ್ಲಿಟ್ಟು ಎರಡನ್ನೂ ಒಟ್ಟಿಗೆ ಹಾಕಿದನು. ವಾರ್ತೆಗೆ ಮುಂಚಿನ ಪೀಪ್ ಪೀಪ್ ಹಳೆಯ ಪೆಟ್ಟಿಗೆಯಿಂದ ಹೊರಟು ಮುಗಿದು, ಮಾವನವರು ಎಚ್‌ಎಂಟಿ ಗಡಿಯಾರದ ಮುಳ್ಳನ್ನು ಸರಿಪಡಿಸಿದ ಮೇಲೆ, ಹೊಸದು ಸಾವಧಾನವಾಗಿ ತನ್ನ ಪೀಪನ್ನು ಆರಂಭಿಸಿತು. ಧ್ವನಿಯನ್ನು ಅಂಕಿಗಳನ್ನಾಗಿಸಿ, ಆ ಅಂಕಿಗಳನ್ನು ಮರಳಿ ಧ್ವನಿಯಾಗಿಸುವಷ್ಟರಲ್ಲಿ ಕೆಲವು ಕ್ಷಣಗಳು ಕಳೆಯುವುದು ಅನಿವಾರ್ಯವೆಂದು ನಾನು ವಿವರಿಸಿದೆ. "ಗಂಟೆ ಎಷ್ಟು ಅಂದರೆ ಲೆಕ್ಕ ಮಾಡಿ ಹೇಳ್ತೀನಿ ಅನ್ನುತ್ತಲ್ಲೋ!" ಎಂದರು ಮಾವನವರು. ಸಂಜೆ ಸಂಕೇತವು ದುರ್ಬಲವಾದಾಗ ಹಳೆಯದು ಕಿಟಕಿಯ ಕಡೆಗೆ ತಿರುಗಿಸಿಕೊಂಡು ಗೊಗ್ಗರು ದನಿಯಲ್ಲಾದರೂ ಅಡಕೆಯ ಧಾರಣೆಯನ್ನು ಒಪ್ಪಿಸಿತು. ಹೊಸದು ಸಂಪೂರ್ಣ ಮೌನವ್ರತವನ್ನು ಕೈಗೊಂಡಿತು.

ನಾರ್ವೆ ದೇಶದಲ್ಲಿ 2017ರಲ್ಲಿ ರಾಷ್ಟ್ರೀಯ ವಾಹಿನಿಗಳ ಎಫ್‌ಎಂ ಪ್ರಸಾರವನ್ನೇ ನಿಲ್ಲಿಸಿ ಜನರನ್ನು ಡಿಜಿಟಲ್ಲಿಗೆ ಒಯ್ದರೆಂದು ಮಗನು ವಾದಿಸಿದನು. ಮಾವನವರು ಕಿಂಚಿತ್ತೂ ವಿಚಲಿತರಾಗಲಿಲ್ಲ. "ಕರೆಂಟು ಉಳಿಯೋದು ಅವರಿಗೆ, ಬ್ಯಾಟರಿ ಸುಡೋದು ನಮಗೆ, ಲಾಭ ಯಾರಿಗೋ ಪೆಟ್ಟಿಗೆಯನ್ನೂ ಅವರೇ ಕೊಡಿಸಲಿ, ಬೇಡ ಅನ್ನೋದಕ್ಕೆ ನಾನೇನು ಸನ್ಯಾಸಿಯೇ?" ಎಂದರು.