ಅಂಡಾನ್ವೇಷಣ ಮೀಮಾಂಸೆ

ಈಸ್ಟರ್ ಭಾನುವಾರ ಆರಾಧನೆ ಮುಗಿದ ಮೇಲೆ ಚರ್ಚಿನ ಕಾಂಪೌಂಡಿನಲ್ಲಿ ಮಕ್ಕಳು ಮೊಟ್ಟೆ ಹುಡುಕುವುದನ್ನು ಲೋಕ ಬರಿಯ ಆಟವೆಂದು ತಿಳಿದಿದೆ. ಅದೊಂದು ಶಾಸ್ತ್ರವೆಂದು ಸ್ಥಾಪಿಸುವುದೇ ಈ ಪ್ರಬಂಧದ ಉದ್ದೇಶ. ಪೂರ್ವಸೂರಿಗಳು ನಮಗಿಲ್ಲದಿಲ್ಲ. ಜರ್ಮನಿಯ ವೈದ್ಯ ಗಿಯೋರ್ಗ್ ಫ್ರಾಂಕ್ ಫಾನ್ ಫ್ರಾಂಕೆನಾವ್ 1682ರಷ್ಟು ಹಿಂದೆಯೇ ಈಸ್ಟರ್ ಮೊಟ್ಟೆಗಳ ಮೇಲೆ ಲ್ಯಾಟಿನ್ ಪ್ರಬಂಧ ಹೊರಡಿಸಿ, ಮೊಲವೊಂದು ಮೊಟ್ಟೆಯಿಟ್ಟು ತೋಟದಲ್ಲಿ ಬಚ್ಚಿಡುತ್ತದೆಂಬ ಅಲ್ಸಾಸ್ ಸೀಮೆಯ ನಂಬಿಕೆಯನ್ನು ದಾಖಲಿಸಿದ್ದಾನೆ. ಮೊಲ ಪುಣ್ಯವಂತ ಪ್ರಾಣಿ. ಅದಕ್ಕೆ ಸಮಿತಿ ಇರಲಿಲ್ಲ.

ಸೂತ್ರ 1: ಉಪವಾಸ ಮನುಷ್ಯರಿಗೆ, ಕೋಳಿಗಲ್ಲ.

ವ್ಯಾಖ್ಯಾನ: ಮಧ್ಯಯುಗದ ಯೂರೋಪಿನಲ್ಲಿ ಈಸ್ಟರ್‌ಗೆ ಮುಂಚಿನ 40 ದಿನಗಳ ವ್ರತದಲ್ಲಿ ಮಾಂಸದ ಜೊತೆಗೆ ಮೊಟ್ಟೆಯೂ ವರ್ಜ್ಯ. ಈ ಸುದ್ದಿ ಕೋಳಿಗಳಿಗೆ ಮುಟ್ಟದ ಕಾರಣ ಹಬ್ಬದ ಹೊತ್ತಿಗೆ ಮೊಟ್ಟೆ ರಾಶಿ ಬೀಳುತ್ತಿತ್ತು. 1290ರಲ್ಲಿ ಇಂಗ್ಲೆಂಡಿನ ದೊರೆ ಒಂದನೇ ಎಡ್ವರ್ಡ್ ಹಬ್ಬಕ್ಕೆಂದು 18 ಪೆನ್ನಿಗೆ 450 ಮೊಟ್ಟೆ ಕೊಂಡ ಲೆಕ್ಕ ಉಳಿದುಬಂದಿದೆ. ನಮ್ಮ ಖಜಾಂಚಿಗಳು ಮೀಟಿಂಗಿನಲ್ಲಿ ಇಂದಿಗೂ ಇದೇ ದರವನ್ನು ಮನಸ್ಸಿನಲ್ಲಿಟ್ಟುಕೊಂಡು ಮಾತಾಡುತ್ತಾರೆ.

ಸೂತ್ರ 2: ಚಂದ್ರ ಗೊತ್ತು ಮಾಡುತ್ತಾನೆ, ಸೂರ್ಯ ಕರಗಿಸುತ್ತಾನೆ.

ವ್ಯಾಖ್ಯಾನ: ಮಾರ್ಚ್ 21ರಂದು ಅಥವಾ ಅದರ ನಂತರ ಬರುವ ಹುಣ್ಣಿಮೆ ಕಳೆದ ಮೊದಲ ಭಾನುವಾರವೇ ಈಸ್ಟರ್. ಹೀಗಾಗಿ ಹಬ್ಬ ಮಾರ್ಚ್ 22ಕ್ಕೂ ಏಪ್ರಿಲ್ 25ಕ್ಕೂ ನಡುವೆ ಓಡಾಡಿಕೊಂಡಿರುತ್ತದೆ. ಏಪ್ರಿಲ್ ಬೆಂಗಳೂರಿನಲ್ಲಿ ಚಾಕೊಲೇಟ್ ಮೊಟ್ಟೆ ಪ್ರಸಂಗ ಮುಗಿಯುವುದರೊಳಗೆ ಪಾನಕವಾಗುತ್ತದೆ. ಬೇಕರಿಯ ಮಾರ್ಜಿಪಾನ್ ಮೊಟ್ಟೆಯನ್ನು ಮಕ್ಕಳಿಗಿಂತ ಮೊದಲು ಇರುವೆ ಹುಡುಕುತ್ತದೆ. ಬೇಯಿಸಿದ ಕೋಳಿಮೊಟ್ಟೆ ಬುಧವಾರದ ಹೊತ್ತಿಗೆ ತಾನಿರುವ ಜಾಗವನ್ನು ತಾನೇ ಸಾರುತ್ತದೆ. ಆದ್ದರಿಂದ ಟಾಫಿ ತುಂಬಿದ ಪ್ಲಾಸ್ಟಿಕ್ ಮೊಟ್ಟೆಯೇ ಶಾಸ್ತ್ರಸಮ್ಮತ.

ಸೂತ್ರ 3: ಬಚ್ಚಿಟ್ಟದ್ದು ಕಾಣಬೇಕು.

ಪೂರ್ವಪಕ್ಷ: ಕಾಣುವಂತಿಟ್ಟರೆ ಬಚ್ಚಿಟ್ಟದ್ದು ಹೇಗಾದೀತು?

ಸಿದ್ಧಾಂತ: ಅದು ವಯಸ್ಸಿಗೆ ಬಿಟ್ಟದ್ದು. ಮೂರರೊಳಗಿನವರಿಗೆ ಹುಲ್ಲಿನ ಮೇಲೆ ಚೆಲ್ಲಿದರೆ ಸಾಕು. ಹುಡುಕುವ ಕೆಲಸ ಅಮ್ಮಂದಿರದು. ಏಳರವರೆಗಿನವರಿಗೆ ಕ್ರೋಟನ್ ಕುಂಡ, ಬೈಬಲ್ ಕಪಾಟಿನ ಸಂದು, ಅಯ್ಯನವರ ಸ್ಕೂಟರಿನ ಫುಟ್‌ಬೋರ್ಡು. ಎಂಟು ದಾಟಿದವರಿಗೆ ಎಲ್ಲಿಟ್ಟರೂ ಒಂದೇ, ಶನಿವಾರ ಸಂಜೆ ಕಾಯರ್ ಪ್ರಾಕ್ಟೀಸಿನ ನೆಪದಲ್ಲಿ ಬಂದು ಕಿಟಕಿಯಿಂದ ಎಲ್ಲ ನೋಡಿಕೊಂಡಿರುತ್ತಾರೆ. ಇವರಿಗೆ ಹೊರತಾದ ಒಂದು ಪಂಥವೂ ಇದೆ: ಲಂಗದ ಪುಟ್ಟಿಯೊಬ್ಬಳು ಕುಂಡದ ಹಿಂದಿನ ಹಳದಿ ಮೊಟ್ಟೆ ಬಿಚ್ಚಿ, ಟಾಫಿ ಬಾಯಿಗೆ ಹಾಕಿಕೊಂಡು, ಮೊಟ್ಟೆಯನ್ನು ಟಕ್ಕೆಂದು ಮುಚ್ಚಿ ಇದ್ದಲ್ಲೇ ಇಟ್ಟು ಮುಂದಿನ ಕುಂಡಕ್ಕೆ ನಡೆಯುತ್ತಾಳೆ. ಸಮಿತಿಯ ಲೆಕ್ಕ ತಾಳೆಯಾಗದಿರುವುದಕ್ಕೆ ಮೂಲ ಇಲ್ಲಿದೆ.

ಸೂತ್ರ 4: ತಲೆಗೆ ಐದು.

ಪೂರ್ವಪಕ್ಷ: ಹೆಚ್ಚು ಸಿಕ್ಕಿದವರು ವಾಪಸ್ಸು ಕೊಡಬೇಕು, ಸಿಗದವರಿಗೆ ಟೀಚರ್ ಜೋಳಿಗೆಯಿಂದ ತೆಗೆದುಕೊಡಬೇಕು. ಕೊನೆಗೆ ಎಲ್ಲರಿಗೂ ಐದೇ ಆದರೆ ಸಾಲಾಗಿ ನಿಲ್ಲಿಸಿ ಕೈಗೇ ಹಂಚಬಾರದೇ? ಬಿಸಿಲೂ ತಪ್ಪುತ್ತದೆ, ಕ್ರೋಟನ್ನೂ ಉಳಿಯುತ್ತದೆ. (ಇದು ಖಜಾಂಚಿಗಳ ಮತ.)

ಸಿದ್ಧಾಂತ: ಹಾಗಲ್ಲ. ಕೊಟ್ಟದ್ದು ಸಂಡೇ ಸ್ಕೂಲಿನದು, ಸಿಕ್ಕಿದ್ದು ತನ್ನದು. ಕೈಗೆ ಕೊಟ್ಟ ಟಾಫಿಗೆ ಮಗು ‘ಥ್ಯಾಂಕ್ಯೂ ಆಂಟಿ’ ಎನ್ನುತ್ತದೆ; ಹುಡುಕಿ ತೆಗೆದ ಅದೇ ಟಾಫಿಯನ್ನು ಎತ್ತಿಹಿಡಿದು ಕಾಂಪೌಂಡೆಲ್ಲ ಕೇಳುವಂತೆ ಕೂಗುತ್ತದೆ. ದೊಡ್ಡವರು ಒಂದು ವಾರ ಬೆವರು ಸುರಿಸಿ ತಮ್ಮ ಔದಾರ್ಯವನ್ನು ಮಗುವಿನ ಸ್ವಂತ ಸಾಹಸದಂತೆ ಕಾಣಿಸುವ ಉಪಾಯವೇ ಅಂಡಾನ್ವೇಷಣ.

ಫಲಶ್ರುತಿ: ಇದನ್ನು ಶನಿವಾರ ರಾತ್ರಿ ಭಕ್ತಿಯಿಂದ ಪಠಿಸುವ ಟೀಚರಿಗೆ ಮಳೆ ಬಾರದು, ಇರುವೆ ಮುತ್ತದು, ಬಚ್ಚಿಟ್ಟ ಜಾಗದ ಚೀಟಿ ಕಳೆಯದು. ಪಠಿಸದೆ ಎದ್ದುಹೋಗುವವರನ್ನು ಮುಂದಿನ ವರ್ಷದ ಸಮಿತಿಗೆ ಸರ್ವಾನುಮತದಿಂದ ಆರಿಸಲಾಗುವುದು.