ಸಿಂಹಾಸನ, ಆನೆ ಮತ್ತು ಗೌರವ ಪಾಸು: ದಕ್ಷಿಣ ಬೆಂಗಳೂರಿನಲ್ಲಿ ಹಳೆಯ ಸಂಗೀತ ನಾಟಕಗಳ ಮರುಪ್ರಯೋಗ ವೆಚ್ಚ ಮೀಮಾಂಸೆ

ಸಂಗೀತ ನಾಟಕದ ಮರುಪ್ರಯೋಗವೆಂದರೆ, ತಾತಂದಿರ ಕಾಲದಲ್ಲಿ ಬೆಳಗಿನ ಜಾವದವರೆಗೆ ನಡೆಯುತ್ತಿದ್ದ ಆಟವನ್ನು ಮೊಮ್ಮಕ್ಕಳ ಕಾಲಕ್ಕೆ ಎರಡು ಗಂಟೆಗೆ ಇಳಿಸಿ, ಖರ್ಚನ್ನು ಮಾತ್ರ ಇಳಿಸಲಾಗದೆ ಪರದಾಡುವ ಸಾಂಸ್ಕೃತಿಕ ಕ್ರಿಯೆ. ಇದು ಜಯನಗರ, ಬನಶಂಕರಿಗಳ ತಾರಸಿಗಳ ಮೇಲೆ ತಾಲೀಮಿನ ರೂಪದಲ್ಲಿ ಆರಂಭವಾಗಿ, 2004ರಿಂದ ಜೆ.ಪಿ. ನಗರದಲ್ಲಿರುವ ರಂಗಶಂಕರದಂಥ ಮಂದಿರದಲ್ಲಿ ಪ್ರದರ್ಶನದ ರೂಪ ತಳೆದು, ಆಮೇಲೆ ಬಹುಕಾಲ ಸಾಲದ ರೂಪದಲ್ಲಿ ಮುಂದುವರಿಯುತ್ತದೆ.

ವೆಚ್ಚದ ಇತಿಹಾಸವನ್ನು ಆನೆಯಿಂದ ಆರಂಭಿಸುವುದು ಯುಕ್ತ. 1884ರಲ್ಲಿ ಹುಟ್ಟಿದ ಗುಬ್ಬಿ ಚನ್ನಬಸವೇಶ್ವರ ನಾಟಕ ಸಂಘವು ಗುಬ್ಬಿ ವೀರಣ್ಣನವರ ಯಜಮಾನಿಕೆಯಲ್ಲಿ ‘ಕುರುಕ್ಷೇತ್ರ’ ನಾಟಕಕ್ಕೆ ನಿಜವಾದ ಆನೆ ಕುದುರೆಗಳನ್ನೇ ರಂಗಕ್ಕೆ ತಂದಿತ್ತು. ಆನೆಯು ತನ್ನ ಪಾತ್ರ ಚಿಕ್ಕದಾಯಿತೆಂದು ಮುನಿಸಿಕೊಳ್ಳುವುದಿಲ್ಲ, ಪೋಸ್ಟರಿನಲ್ಲಿ ಹೆಸರು ಬಿಟ್ಟುಹೋದರೆ ಕೇಳುವುದೂ ಇಲ್ಲ. ಆದರೆ ನಾಟಕವಿಲ್ಲದ ದಿನವೂ ತಿನ್ನುತ್ತದೆ. ಪ್ರದರ್ಶನ ನಡೆಯಲಿ ಬಿಡಲಿ ತಪ್ಪದ ಇಂಥ ಖರ್ಚಿಗೆ ಶಾಸ್ತ್ರದಲ್ಲಿ ಸ್ಥಿರ ವೆಚ್ಚವೆಂದು ಹೆಸರು. ಕಂಪನಿಯ ನಟರು, ಪರದೆ ಬರೆಯುವವರು, ಅಡುಗೆಯವರು ಎಲ್ಲರೂ ಕ್ಯಾಂಪಿನಲ್ಲೇ ಉಂಡು, ಸಂಬಳ ಪಡೆಯುತ್ತಿದ್ದುದರಿಂದ ಅವರೂ ಇದೇ ತಲೆಬರಹದಡಿ, ಆನೆಯ ಪಕ್ಕದಲ್ಲೇ, ಲೆಕ್ಕಕ್ಕೆ ಬರುತ್ತಾರೆ.

1966ರಲ್ಲಿ ಅಮೆರಿಕದ ಅರ್ಥಶಾಸ್ತ್ರಜ್ಞರಾದ ವಿಲಿಯಂ ಬೌಮೋಲ್ ಮತ್ತು ವಿಲಿಯಂ ಬೋವೆನ್ ಪ್ರದರ್ಶನ ಕಲೆಗಳ ವಾಸಿಯಾಗದ ಕಾಯಿಲೆಯೊಂದನ್ನು ಗುರುತಿಸಿದರು. ಕಾರ್ಖಾನೆಗೆ ಹೊಸ ಯಂತ್ರ ಬಂದಂತೆಲ್ಲ ಕೆಲಸಗಾರನೊಬ್ಬ ಹೆಚ್ಚು ಸರಕು ತಯಾರಿಸುತ್ತಾನೆ, ಅವನ ಕೂಲಿಯೂ ಏರುತ್ತದೆ. ನಾಲ್ವರು ನುಡಿಸಬೇಕಾದ ಸಂಗೀತಕ್ಕಾದರೋ ಎರಡು ಶತಮಾನ ಕಳೆದರೂ ನಾಲ್ವರೇ ಬೇಕು, ಅಷ್ಟೇ ಹೊತ್ತು ಬೇಕು, ಕೂಲಿ ಮಾತ್ರ ಊರಿನ ಉಳಿದವರ ಜೊತೆಗೇ ಏರಬೇಕು. ವೆಚ್ಚದ ವ್ಯಾಧಿ ಎಂದು ಕರೆಯಬಹುದಾದ ಇದಕ್ಕೆ ದಕ್ಷಿಣ ಬೆಂಗಳೂರಿನ ಹವ್ಯಾಸಿ ತಂಡಗಳು ಕಂಡುಕೊಂಡ ಔಷಧಿ ಆ ಇಬ್ಬರಿಗೂ ಹೊಳೆದಿರಲಿಲ್ಲ: ಕೂಲಿಯನ್ನೇ ಕೊಡದಿರುವುದು. ಆನೆಯ ಮೇವಿನ ಖರ್ಚನ್ನು ನಾಟಕದ ಕಂಪನಿ ಹೊರುತ್ತಿತ್ತು. ಇಂದಿನ ದುರ್ಯೋಧನನ ಮೇವಿನ ಖರ್ಚನ್ನು ಬನ್ನೇರುಘಟ್ಟ ರಸ್ತೆಯ ಯಾವುದೋ ಸಾಫ್ಟ್‌ವೇರ್ ಕಂಪನಿ, ತನಗರಿವಿಲ್ಲದೆಯೇ, ಹೊರುತ್ತಿದೆ.

ಇದರಿಂದ ವಿಲೋಮ ಸಂಭಾವನಾ ನಿಯಮವು ಹುಟ್ಟುತ್ತದೆ. ಅಂದರೆ, ರಂಗದ ಮೇಲೆ ಕಾಣಿಸಿಕೊಳ್ಳುವ ಹೊತ್ತು ಹೆಚ್ಚಿದಷ್ಟೂ ಕೈಗೆ ಬರುವ ದುಡ್ಡು ಕಡಿಮೆ. ಸಿಂಹಾಸನವನ್ನು ಟೆಂಪೋದಿಂದ ಇಳಿಸಿದವನಿಗೆ ನಿಂತಲ್ಲೇ ಕೂಲಿ, ಅದರ ಮೇಲೆ ಕೂತು ಎರಡು ಗಂಟೆ ರಾಜ್ಯವಾಳಿದವನಿಗೆ ಅರ್ಧ ಲೋಟ ಕಾಫಿ. ಮೇಕಪ್ಪು, ಲೈಟು, ತಬಲಗಳಿಗೆ ಕೊಟ್ಟ ಹಣ ಜಮಾಖರ್ಚಿನಲ್ಲಿ ಕಾಣುತ್ತದೆ. ನಟನ ಹೆಸರಿನ ಮುಂದಿರುವ ಸೊನ್ನೆಯನ್ನು ಕಲಾಪ್ರೇಮವೆಂದು ಓದಿಕೊಳ್ಳತಕ್ಕದ್ದು.

ಸೊನ್ನೆಯ ಗಾತ್ರವನ್ನು ಅಳೆಯಲು ಒಂದು ಕಾಲ್ಪನಿಕ ತಂಡವನ್ನು ತೆಗೆದುಕೊಳ್ಳಬಹುದು. ಹಾಡಿ ಕುಣಿಯುವ 30 ಮಂದಿ 45 ಸಂಜೆ ತಾಲೀಮು ನಡೆಸಿದರೆ 1,350 ಆಳುಸಂಜೆಗಳಾಗುತ್ತವೆ. ತಲೆಗೆ 15 ರೂಪಾಯಿಯ ಕಾಫಿಯಂತೆ 20,250 ರೂಪಾಯಿ ಮುಗಿಯಿತು. ಗಾರೆ ಕೆಲಸಕ್ಕೂ ಯಾರೂ ಒಪ್ಪದ 500 ರೂಪಾಯಿಯ ಕೂಲಿಯನ್ನು ಕೊಟ್ಟರೂ 6,75,000. 300 ಆಸನಗಳ ಮಂದಿರ, 200 ರೂಪಾಯಿಯ ಟಿಕೆಟ್ಟು ಎಂದಿಟ್ಟುಕೊಂಡರೆ ಹೌಸ್‌ಫುಲ್ ಆಟಕ್ಕೆ 60,000 ರೂಪಾಯಿ ಹುಟ್ಟುತ್ತದೆ; ಆದ್ದರಿಂದ ತಾಲೀಮಿನ ಕೂಲಿ ತೀರಿಸಲಿಕ್ಕೇ ಹನ್ನೊಂದೂಕಾಲು ಆಟ ತುಂಬಬೇಕು. ಕಾಲು ಆಟವೆಂದರೆ ನಾಂದಿ ಮುಗಿದು ಸೂತ್ರಧಾರನು ನಟಿಯನ್ನು ಕರೆಯುವಷ್ಟರ ತನಕ ಎಂದು ತಿಳಿಯುವುದು.

ಒನ್ಸ್ ಮೋರ್ ಎಂಬ ಸಂಸ್ಥೆಯೂ ಗಮನಾರ್ಹ. ಕಂಪನಿ ನಾಟಕಗಳಲ್ಲಿ ಪ್ರೇಕ್ಷಕರು ಹಾಗೆ ಕೂಗಿದರೆ ಸತ್ತು ಬಿದ್ದ ಪಾತ್ರವೂ ಎದ್ದು ಮತ್ತೆ ಹಾಡಿ, ಮತ್ತೆ ಸಾಯುತ್ತಿತ್ತೆಂಬುದು ಪ್ರತೀತಿ. ಮಂದಿರದ ಬಾಡಿಗೆಯನ್ನು ಗಡಿಯಾರ ನೋಡಿ ಲೆಕ್ಕ ಹಾಕುವ ಇಂದಿನ ಕಾಲದಲ್ಲಿ ಈ ಎರಡನೆಯ ಸಾವು ದುಬಾರಿ. ಹಾರ್ಮೋನಿಯಂನವರ ಖರ್ಚುಳಿಸಲು ಟ್ರ್ಯಾಕ್ ಹಾಕುವವರುಂಟು. ಆದರೆ ಪೆನ್‌ಡ್ರೈವಿಗೆ ಒನ್ಸ್ ಮೋರ್ ಕೇಳಿಸುವುದಿಲ್ಲ. ಸಿ. ಬಸವಲಿಂಗಯ್ಯನವರು 2010ರಲ್ಲಿ ಮೈಸೂರು ರಂಗಾಯಣಕ್ಕಾಗಿ ನಿರ್ದೇಶಿಸಿ, ಮುಂದೆ ಬೆಂಗಳೂರಿನ ಕಲಾಗ್ರಾಮಕ್ಕೂ ಬಂದ, ಹಂಸಲೇಖ ಸಂಗೀತದ ‘ಮಲೆಗಳಲ್ಲಿ ಮದುಮಗಳು’ ಅಹೋರಾತ್ರಿ ಸುಮಾರು ಒಂಬತ್ತು ಗಂಟೆ ನಡೆಯಿತಲ್ಲ ಎಂಬ ಪೂರ್ವಪಕ್ಷ ಏಳಬಹುದು. ಸರ್ಕಾರದ ಖಜಾನೆಯು ತಾರಸಿಯ ಮೇಲಿರುವುದಿಲ್ಲ ಎಂಬುದೇ ಅದಕ್ಕೆ ಸಮಾಧಾನ.

ಉಳಿದದ್ದು ಗೌರವ ಪಾಸು. ಟಿಕೆಟ್ಟು ಕೊಳ್ಳಬಲ್ಲವರನ್ನು ಕೊಳ್ಳದಂತೆ ತಡೆಯುವ ಚೀಟಿ. ಸಂಭಾವನೆಯಿಲ್ಲದ ನಟನಿಗೆ ಪಾಸನ್ನೂ ಇಲ್ಲವೆನ್ನಲಾಗದು. ದುಡ್ಡು ಕೊಟ್ಟವರು ಎಚ್.ಎಸ್.ಆರ್. ಲೇಔಟಿನಿಂದ ಹೊರಟು ಸಿಲ್ಕ್ ಬೋರ್ಡಿನಲ್ಲಿ ಸಿಕ್ಕಿ, ಆಟ ಶುರುವಾದ ಮೇಲೆ ಯಾರನ್ನೂ ಒಳಗೆ ಬಿಡದ ರಂಗಶಂಕರದ ಬಾಗಿಲ ಹೊರಗೆ ಸಾಬೂದಾನ ವಡೆ ತಿನ್ನುತ್ತಿರುವಾಗ, ಪಾಸಿನವರು ಅರ್ಧ ಗಂಟೆ ಮುಂಚೆಯೇ ಬಂದು ಕೂತಿರುತ್ತಾರೆ. ನಟನೊಬ್ಬನಿಗೆ ನಾಲ್ಕರಂತೆ 120 ಆಸನ ಹೋಗಿ, ಆಟದ ಹುಟ್ಟುವಳಿ 36,000ಕ್ಕೆ ಕುಸಿದು, ಬೇಕಾದ ಆಟಗಳು ಹದಿನೆಂಟೂಮುಕ್ಕಾಲಕ್ಕೆ ಏರುತ್ತವೆ. ಅಷ್ಟು ಆಟಗಳೊಳಗೆ ನೆಂಟರೆಲ್ಲ ಮುಗಿದಿರುತ್ತಾರಾದ್ದರಿಂದ ಲೆಕ್ಕ ಮತ್ತೆ ಇಳಿಯುತ್ತದೆಂದು ಒಂದು ಪಂಥ ವಾದಿಸುತ್ತದೆ. ನೆಂಟರು ಮುಗಿದ ಮೇಲೆ ಪ್ರೇಕ್ಷಕರು ಎಲ್ಲಿಂದ ಬರುತ್ತಾರೆಂಬುದನ್ನು ಆ ಪಂಥ ವಿವರಿಸಿಲ್ಲ.